ಆದೋನಿ ಸೀಮೆಯ ಮೊಬೈಲ್ ಎಚ್ಚರಿಕೆಗಳು

ಸಿಡಿಲು, ನೆರೆ, ಬಿಸಿಗಾಳಿ, ಚಂಡಮಾರುತದಂಥ ಅಪಾಯ ಹತ್ತಿರ ಬಂದಾಗ, ಆ ಪ್ರದೇಶದಲ್ಲಿರುವ ಜನರ ಮೊಬೈಲ್ ಫೋನಿಗೆ ಸರ್ಕಾರ ನೇರವಾಗಿ ಸಂದೇಶ ಕಳಿಸುತ್ತದೆ. ಇದೇ ಮೊಬೈಲ್ ತುರ್ತು ಎಚ್ಚರಿಕೆ. ಭಾರತದಲ್ಲಿ ಇದು ಎರಡು ದಾರಿಗಳಲ್ಲಿ ಜನರನ್ನು ಮುಟ್ಟುತ್ತದೆ. ಒಂದು, ಎಲ್ಲರಿಗೂ ಗೊತ್ತಿರುವ ಎಸ್‌ಎಂಎಸ್. ಇನ್ನೊಂದು, ಸೆಲ್ ಬ್ರಾಡ್‌ಕಾಸ್ಟ್. ಫೋನು ಇದ್ದಕ್ಕಿದ್ದಂತೆ ಸೈರನ್ನಿನಂತೆ ಕೂಗಿ, ನಡುಗಿ, ಪರದೆಯ ತುಂಬ ಸಂದೇಶ ತೋರಿಸುತ್ತದಲ್ಲ, ಅದು. 2023ರಲ್ಲಿ ದೂರಸಂಪರ್ಕ ಇಲಾಖೆ ದೇಶದ ಬೇರೆ ಬೇರೆ ಕಡೆ ಇದರ ಪರೀಕ್ಷೆ ನಡೆಸಿತು. ಕರ್ನಾಟಕದ ಫೋನುಗಳು ಕೂಗಿದ್ದು ಅದೇ ವರ್ಷ ಅಕ್ಟೋಬರ್ 12ರಂದು. ಇದು ಬರೀ ಪರೀಕ್ಷೆ, ಯಾರೂ ಏನೂ ಮಾಡಬೇಕಿಲ್ಲ ಎಂದು ಸಂದೇಶದಲ್ಲೇ ಬರೆದಿದ್ದರೂ ಅಂದು ಅನೇಕರು ಗಾಬರಿಯಾದರು. ಫೋನು ಕೆಟ್ಟಿತೇನೋ, ಯಾರೋ ಕಳ್ಳರು ಒಳಹೊಕ್ಕರೇನೋ ಎಂದುಕೊಂಡವರೂ ಇದ್ದರು.

ಮೇಲ್ನೋಟಕ್ಕೆ ಒಂದೇ ಎನಿಸಿದರೂ ಈ ಎರಡು ದಾರಿಗಳ ಕೆಲಸದ ರೀತಿ ಪೂರ್ತಿ ಬೇರೆ. ಎಸ್‌ಎಂಎಸ್ ಅಂಚೆಯಣ್ಣನಂತೆ ಮನೆಮನೆಗೆ ಹೋಗಿ ಕಾಗದ ಕೊಡುತ್ತದೆ. ಸೆಲ್ ಬ್ರಾಡ್‌ಕಾಸ್ಟ್ ಊರ ನಡುವೆ ತಳವಾರ ಡಂಗುರ ಸಾರಿದಂತೆ ಒಮ್ಮೆಗೇ ಎಲ್ಲರ ಕಿವಿಗೂ ಬೀಳುತ್ತದೆ. ಎಸ್‌ಎಂಎಸ್ ಕಳಿಸಬೇಕಾದರೆ ಆ ಪ್ರದೇಶದಲ್ಲಿ ಈಗ ಯಾವ ಯಾವ ನಂಬರುಗಳಿವೆ ಎಂದು ಕಂಪನಿಯ ಜಾಲ ಮೊದಲು ಪಟ್ಟಿ ಮಾಡಬೇಕು, ಆಮೇಲೆ ಒಂದೊಂದು ನಂಬರಿಗೂ ಬೇರೆಬೇರೆಯಾಗಿ ಸಂದೇಶ ದೂಡಬೇಕು. ಲಕ್ಷಾಂತರ ಜನರಿಗೆ ಹೀಗೆ ಕಳಿಸುವಾಗ ಹೊತ್ತು ಹಿಡಿಯುತ್ತದೆ. ಅದೇ ಹೊತ್ತಿಗೆ ಎಲ್ಲರೂ ಊರಿಗೆ ಫೋನು ಮಾಡತೊಡಗಿದರೆ ಜಾಲದಲ್ಲಿ ನೂಕುನುಗ್ಗಲಾಗಿ ಸಂದೇಶ ಇನ್ನೂ ತಡವಾಗುತ್ತದೆ. ಸೆಲ್ ಬ್ರಾಡ್‌ಕಾಸ್ಟ್‌ನಲ್ಲಿ ಟವರು ಒಂದು ಗೊತ್ತಾದ ಚಾನೆಲ್‌ನಲ್ಲಿ ಸಂದೇಶವನ್ನು ಹೊರಡಿಸುತ್ತದೆ. ಅದರ ವ್ಯಾಪ್ತಿಯೊಳಗಿನ ಪ್ರತಿ ಫೋನೂ ಅದನ್ನು ಕೇಳಿಸಿಕೊಳ್ಳುತ್ತದೆ. ನಂಬರ್ ಬೇಕಿಲ್ಲ, ಇಂಟರ್‌ನೆಟ್ ಬೇಕಿಲ್ಲ. ಬಳ್ಳಾರಿಯ ಸಿಮ್ ಹಾಕಿಕೊಂಡು ಮಂತ್ರಾಲಯಕ್ಕೆ ಬಂದವರಿಗೂ, ಆದೋನಿಯಲ್ಲೇ ಹುಟ್ಟಿ ಬೆಳೆದವರಿಗೂ ಅದು ಸಮಾನ. ಜಾಲದಲ್ಲಿ ಎಷ್ಟೇ ನೂಕುನುಗ್ಗಲಿದ್ದರೂ ಇದಕ್ಕೆ ಅಡ್ಡಿಯಿಲ್ಲ. ಎಚ್ಚರಿಕೆಯ ಅವಧಿ ಮುಗಿಯುವವರೆಗೆ ಟವರು ಅದನ್ನು ಮತ್ತೆ ಮತ್ತೆ ಸಾರುತ್ತಿರುತ್ತದೆ. ಪ್ರತಿ ಸಂದೇಶಕ್ಕೂ ಒಂದು ಕ್ರಮಸಂಖ್ಯೆ ಇರುವುದರಿಂದ ಒಮ್ಮೆ ಕೇಳಿಸಿಕೊಂಡ ಫೋನು ಮತ್ತೆ ಕೂಗುವುದಿಲ್ಲ. ಹತ್ತು ನಿಮಿಷ ತಡವಾಗಿ ಆ ಪ್ರದೇಶಕ್ಕೆ ಬಂದ ಫೋನು ಕೂಗುತ್ತದೆ. ಇದರ ಕೊರತೆಯೆಂದರೆ, ಸಂದೇಶ ಯಾರಿಗೆ ತಲುಪಿತು, ಯಾರಿಗೆ ತಲುಪಲಿಲ್ಲ ಎಂಬುದು ಕಳಿಸಿದವರಿಗೆ ತಿಳಿಯುವುದಿಲ್ಲ. ಆದರೆ ಅದರಿಂದಲೇ ಒಂದು ನೆಮ್ಮದಿಯೂ ಇದೆ: ಯಾರ ನಂಬರನ್ನೂ, ಯಾರು ಎಲ್ಲಿದ್ದಾರೆ ಎಂಬುದನ್ನೂ ಅದು ಕೇಳುವುದಿಲ್ಲ.

ಈ ತಂತ್ರ ಹೊಸದಲ್ಲ. ಮೊಬೈಲ್ ಫೋನುಗಳ ಎರಡನೆಯ ತಲೆಮಾರಿನ ಜಾಲಕ್ಕೆ ಯುರೋಪಿನಲ್ಲಿ ಮಾನದಂಡ ರೂಪಿಸಿದಾಗಲೇ, 1990ರ ದಶಕದಲ್ಲಿ, ಇದಕ್ಕೂ ಜಾಗ ಇಟ್ಟಿದ್ದರು. ಭೂಕಂಪ, ಸುನಾಮಿಗಳ ನಾಡಾದ ಜಪಾನ್ 2007ರಿಂದ ಇದನ್ನು ಬಳಸಿತು. ಅಮೆರಿಕ, ನೆದರ್‌ಲ್ಯಾಂಡ್ಸ್ 2012ರಲ್ಲಿ ಆರಂಭಿಸಿದವು. ಜರ್ಮನಿ ಮಾತ್ರ ಆ್ಯಪ್‌ಗಳನ್ನೇ ನಂಬಿ ಕುಳಿತಿತ್ತು. 2021ರ ಜುಲೈನಲ್ಲಿ ಆರ್ ಕಣಿವೆಯೂ ಸೇರಿದಂತೆ ಪಶ್ಚಿಮ ಜರ್ಮನಿಯ ನೆರೆಯಲ್ಲಿ 180ಕ್ಕೂ ಹೆಚ್ಚು ಜನ ಸತ್ತ ಮೇಲೆ ಅಲ್ಲಿಯೂ ಸೆಲ್ ಬ್ರಾಡ್‌ಕಾಸ್ಟ್ ಬಂತು. ಆ್ಯಪ್ ಇಳಿಸಿಕೊಂಡವರಿಗೆ ಮಾತ್ರ ಎಚ್ಚರಿಕೆ ಕೊಡುವ ವ್ಯವಸ್ಥೆ ಸಾಲದು ಎಂಬುದು ಅಷ್ಟು ಜನರ ಪ್ರಾಣ ಹೋದ ಮೇಲೆ ಒಪ್ಪಿಗೆಯಾಯಿತು.

ಭಾರತದ ವ್ಯವಸ್ಥೆಗೆ ‘ಸಚೇತ್’ ಎಂದು ಹೆಸರು. 1984ರಲ್ಲಿ ಸ್ಥಾಪನೆಯಾದ ಸರ್ಕಾರಿ ಸಂಸ್ಥೆ ಸಿ-ಡಾಟ್ ಇದನ್ನು ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕಾಗಿ ಕಟ್ಟಿಕೊಟ್ಟಿದೆ. ಇದಕ್ಕೆ ಆಧಾರ ‘ಕಾಮನ್ ಅಲರ್ಟಿಂಗ್ ಪ್ರೋಟೋಕಾಲ್’ ಎಂಬ ಅಂತರರಾಷ್ಟ್ರೀಯ ಮಾನದಂಡ. ಎಚ್ಚರಿಕೆ ಹೇಗೆ ಹುಟ್ಟಿ ಹೇಗೆ ಹರಿಯುತ್ತದೆ ಎಂಬುದನ್ನು ನೋಡಿದರೆ ಇದರ ಬಲ, ದೌರ್ಬಲ್ಯ ಎರಡೂ ಕಾಣುತ್ತವೆ. ಮಳೆ, ಸಿಡಿಲು, ಬಿಸಿಗಾಳಿಯ ಮುನ್ಸೂಚನೆ ಹವಾಮಾನ ಇಲಾಖೆಯದು. ನದಿಗಳ ನೆರೆಯ ಲೆಕ್ಕ ಕೇಂದ್ರ ಜಲ ಆಯೋಗದ್ದು. ಸುನಾಮಿ, ಕಡಲಬ್ಬರದ ಸೂಚನೆ ಹೈದರಾಬಾದಿನ ಇಂಕಾಯಿಸ್ ಸಂಸ್ಥೆಯದು. ಅವು ಕೊಟ್ಟ ಸೂಚನೆ ಆಯಾ ರಾಜ್ಯದ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಬರುತ್ತದೆ. ಅಲ್ಲಿನ ಅಧಿಕಾರಿಗಳು ನಕ್ಷೆಯ ಮೇಲೆ ಅಪಾಯದ ಪ್ರದೇಶವನ್ನು ಗುರುತಿಸಿ, ಸಂದೇಶವನ್ನು ರಾಜ್ಯದ ಭಾಷೆಯಲ್ಲಿ ಸಿದ್ಧಪಡಿಸಿ, ಒಪ್ಪಿಗೆ ಕೊಡುತ್ತಾರೆ. ಆಮೇಲೆ ಅದು ಮೊಬೈಲ್ ಕಂಪನಿಗಳಿಗೆ ಹೋಗಿ, ಆ ನಕ್ಷೆಯೊಳಗೆ ಬರುವ ಟವರುಗಳಿಂದ ಹೊರಡುತ್ತದೆ. ಅಂದರೆ, ಮೋಡ ಕಟ್ಟುವುದನ್ನು ಪತ್ತೆ ಹಚ್ಚುವುದು ಯಂತ್ರವಾದರೂ ಯಾವ ಊರಿಗೆ, ಯಾವ ಮಾತಿನಲ್ಲಿ ಹೇಳಬೇಕು ಎಂದು ತೀರ್ಮಾನಿಸುವುದು ರಾಜ್ಯದ ರಾಜಧಾನಿಯಲ್ಲಿ ಕುಳಿತ ಮನುಷ್ಯರು.

ಆದೋನಿ ಸೀಮೆಗೆ ಈ ಕೊನೆಯ ಮಾತು ಬಹಳ ಮುಖ್ಯ.

ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು 1953ರವರೆಗೆ ಮದ್ರಾಸ್ ರಾಜ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಆ ವರ್ಷ ಅಕ್ಟೋಬರ್ 1ರಂದು ಕರ್ನೂಲನ್ನು ರಾಜಧಾನಿ ಮಾಡಿಕೊಂಡು ಆಂಧ್ರ ರಾಜ್ಯ ಹುಟ್ಟಿದಾಗ ಈ ಮೂರೂ ಆಂಧ್ರಕ್ಕೆ ಸೇರಿದವು. ಬಳ್ಳಾರಿ ಜಿಲ್ಲೆಯ ಉಳಿದ ಭಾಗ ಮೈಸೂರಿಗೆ ಬಂತು. ಆದೋನಿ, ಆಲೂರು ಕರ್ನೂಲು ಜಿಲ್ಲೆಯ ಪಾಲಾದವು. ಗೆರೆ ಎಳೆದದ್ದರಿಂದ ಮನೆಮಾತು ಬದಲಾಗಲಿಲ್ಲ. ಹೊಳಗುಂದಿ, ಕೌತಾಳಂ, ಕೋಸಿಗಿ, ಹಾಲಹರವಿ, ಪೆದ್ದಕಡಬೂರು ಕಡೆಯ ಹಳ್ಳಿಗಳಲ್ಲಿ ಇಂದಿಗೂ ಕನ್ನಡವಾಡುವ ಮನೆಗಳು ಬಹಳ. ಆಂಧ್ರ ಸರ್ಕಾರವೇ ನಡೆಸುವ ಕನ್ನಡ ಮಾಧ್ಯಮ ಶಾಲೆಗಳು ಈ ಭಾಗದಲ್ಲಿವೆ. ಸಿರುಗುಪ್ಪ, ಬಳ್ಳಾರಿ, ರಾಯಚೂರು ಕಡೆಗೆ ಹೆಣ್ಣು ಕೊಟ್ಟು ತರುವ ನೆಂಟಸ್ತನ ನಿಂತಿಲ್ಲ. ಆದೋನಿ ಪೇಟೆಯಲ್ಲಿ ತೆಲುಗು, ಕನ್ನಡ, ಉರ್ದು ಮೂರೂ ಒಟ್ಟಿಗೆ ಕೇಳುತ್ತವೆ.

ಈ ಸೀಮೆಗೆ ಬರುವ ಅಪಾಯಗಳಲ್ಲಿ ಅತಿ ಅವಸರದ್ದು ಸಿಡಿಲು. ನೈಸರ್ಗಿಕ ಕಾರಣಗಳಿಂದ ಭಾರತದಲ್ಲಿ ಆಗುವ ಸಾವುಗಳಲ್ಲಿ ಸಿಡಿಲಿನದೇ ದೊಡ್ಡ ಪಾಲು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಲೆಕ್ಕದಂತೆ 2022ರಲ್ಲಿ ಹೀಗೆ ಸತ್ತವರು 2,887 ಮಂದಿ. ಹೆಚ್ಚಿನವರು ಹೊಲದಲ್ಲಿ ದುಡಿಯುತ್ತಿದ್ದವರು, ಕುರಿ, ಎಮ್ಮೆ ಕಾಯುತ್ತಿದ್ದವರು. ಪಶ್ಚಿಮ ಕರ್ನೂಲಿನ ನೆಲವನ್ನು ನೋಡಿದರೆ ಅಪಾಯ ಏಕೆ ಹೆಚ್ಚು ಎಂದು ಹೇಳಬೇಕಿಲ್ಲ. ಹತ್ತಿ ಬೆಳೆಯುವ ಎರೆಹೊಲ, ಕಡಲೆಕಾಯಿ ಬೆಳೆಯುವ ಮಸಾರಿ. ಕಣ್ಣು ಹರಿಸಿದಷ್ಟು ದೂರ ಬಯಲು. ಅಲ್ಲಲ್ಲಿ ಒಂದು ಬೇವಿನ ಮರ. ಏಪ್ರಿಲ್‌ನಿಂದ ಜೂನ್‌ವರೆಗೆ ಸಂಜೆಹೊತ್ತು ಗುಡುಗು ಮಳೆ ಬಂದಾಗ ಹೊಲದಲ್ಲಿರುವ ಮನುಷ್ಯನೇ ಆ ಬಯಲಿನ ಎತ್ತರದ ವಸ್ತು, ಇಲ್ಲವೇ ಅವನು ಓಡಿ ಹೋಗಿ ನಿಂತ ಮರ. ಇದೇ ದಿನಗಳಲ್ಲಿ ಆದೋನಿಯ ದಕ್ಷಿಣಕ್ಕೆ ತುಗ್ಗಲಿ, ಜೊನ್ನಗಿರಿ ಹೊಲಗಳಲ್ಲಿ ಇನ್ನೊಂದು ದೃಶ್ಯ ಕಾಣುತ್ತದೆ. ಮೊದಲ ಮಳೆಗೆ ಮಣ್ಣು ಕೊಚ್ಚಿ ಹೋಗಿ ವಜ್ರದ ಹರಳು ಮೇಲೆ ಬರುತ್ತದೆಂದು ದೂರದೂರದ ಊರುಗಳಿಂದ ಜನ ಬಂದು, ದಿನವಿಡೀ ಬಯಲಲ್ಲಿ ಬಗ್ಗಿ ಹುಡುಕುತ್ತಾರೆ. ಮಳೆ ಬಂದಷ್ಟೂ ಅವರ ಆಸೆ ಹೆಚ್ಚು, ಮೋಡ ಕಟ್ಟಿದಷ್ಟೂ ಅಪಾಯ ಹೆಚ್ಚು. ಊರಿನವರಲ್ಲದ ಇವರಿಗೆ ಎಚ್ಚರಿಕೆ ಮುಟ್ಟಿಸುವ ದಾರಿ ಟವರೊಂದೇ ಎನ್ನಬಹುದು.

ಸಿಡಿಲಿನ ವಿಷಯದಲ್ಲಿ ಆಂಧ್ರಪ್ರದೇಶ ದೇಶದಲ್ಲಿ ಮುಂದಿತ್ತು ಎಂಬುದನ್ನು ಮೆಚ್ಚಿ ಹೇಳಬೇಕು. ಮೋಡದೊಳಗಿನ ಮಿಂಚನ್ನು ಪತ್ತೆ ಹಚ್ಚುವ ಸಂವೇದಕಗಳ ಜಾಲವನ್ನು ಬಳಸಿ, ಸಿಡಿಲು ಬೀಳುವ ಸುಮಾರು ಅರ್ಧ ಗಂಟೆ ಮುಂಚೆ, ಮಂಡಲವಾರು (ಮಂಡಲವೆಂದರೆ ಆಂಧ್ರದಲ್ಲಿ ತಾಲ್ಲೂಕಿಗಿಂತ ಚಿಕ್ಕ ಆಡಳಿತ ಘಟಕ) ಎಚ್ಚರಿಕೆ ಕೊಡುವ ಕೆಲಸವನ್ನು ಅಲ್ಲಿನ ವಿಪತ್ತು ನಿರ್ವಹಣಾ ಸಂಸ್ಥೆ ಬೇಗನೆ ಆರಂಭಿಸಿತು. 2018ರ ಏಪ್ರಿಲ್ 24ರಂದು 13 ಗಂಟೆಗಳಲ್ಲಿ 36,749 ಸಿಡಿಲುಗಳನ್ನು ಅದು ಲೆಕ್ಕ ಹಾಕಿದ್ದು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ಮಿಂಚು ಮೊದಲು ಮೋಡದೊಳಗೇ ಆಡುತ್ತದೆ. ಸ್ವಲ್ಪ ಹೊತ್ತಿನ ನಂತರ ನೆಲಕ್ಕೆ ಇಳಿಯುತ್ತದೆ. ಆ ಮೊದಲ ಮಿಂಚುಗಳ ರೇಡಿಯೊ ಅಲೆಗಳನ್ನು ಹಲವು ಕಡೆಯ ಸಂವೇದಕಗಳು ಹಿಡಿದು, ಮೋಡ ಎಲ್ಲಿದೆ, ಯಾವ ದಿಕ್ಕಿಗೆ ಸರಿಯುತ್ತಿದೆ ಎಂದು ಲೆಕ್ಕ ಹಾಕುತ್ತವೆ. ಅರ್ಧ ಗಂಟೆಯ ಬಿಡುವು ಸಿಗುವುದು ಹೀಗೆ. ಕರ್ನಾಟಕದಲ್ಲಿ ಈ ಕೆಲಸಕ್ಕೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ಸಿಡಿಲು’ ಆ್ಯಪ್ ಇದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಇಡೀ ದೇಶಕ್ಕೆ ದುಡಿಯುತ್ತದೆ. ಆದರೆ ಹೊಲದಲ್ಲಿ ಕಳೆ ತೆಗೆಯುವಾಗ ಯಾರೂ ಆ್ಯಪ್ ತೆರೆದು ನೋಡುವುದಿಲ್ಲ. ತಾನಾಗಿ ಬಂದು ಕೂಗುವ ಎಚ್ಚರಿಕೆಯೇ ಅಲ್ಲಿ ಕೆಲಸಕ್ಕೆ ಬರುವುದು.

ನೆರೆಯ ಕತೆ ಬೇರೆ. ಈ ಒಣಸೀಮೆಗೆ ನೆರೆ ಬರುವುದು ತನ್ನ ಮಳೆಯಿಂದ ಕಡಿಮೆ, ಮೇಲಿನ ಊರುಗಳ ಮಳೆಯಿಂದ ಹೆಚ್ಚು. ಹೊಸಪೇಟೆಯ ಅಣೆಕಟ್ಟಿನಿಂದ ಇಳಿದ ತುಂಗಭದ್ರೆ ಕಂಪ್ಲಿ, ಸಿರುಗುಪ್ಪ ದಾಟಿ, ಹಗರಿಯನ್ನು ಕೂಡಿಕೊಂಡು, ಕೌತಾಳಂ, ಕೋಸಿಗಿ, ಮಂತ್ರಾಲಯ, ನಂದವರಂ ಮಂಡಲಗಳ ಅಂಚಿನಲ್ಲಿ ಹರಿದು ಕರ್ನೂಲಿಗೆ ಹೋಗುತ್ತದೆ. ಆಚೆ ದಡ ರಾಯಚೂರು ಜಿಲ್ಲೆ. 2009ರ ಸೆಪ್ಟೆಂಬರ್ ಕೊನೆಯಲ್ಲಿ ಉತ್ತರ ಕರ್ನಾಟಕ, ರಾಯಲಸೀಮೆಗಳಲ್ಲಿ ಸುರಿದ ಮಳೆಗೆ ಈ ಎರಡೂ ದಡಗಳು ಮುಳುಗಿದವು. ಮಂತ್ರಾಲಯದ ರಾಘವೇಂದ್ರ ಸ್ವಾಮಿಗಳ ಮಠಕ್ಕೆ ನೀರು ನುಗ್ಗಿತು, ಊರು ಜಲಾವೃತವಾಯಿತು. ಅಕ್ಟೋಬರ್ 2ರಂದು ಕರ್ನೂಲು ನಗರವೇ ಮುಳುಗಿತು. ಕೆಳಗಿನ ಶ್ರೀಶೈಲಕ್ಕೆ 25 ಲಕ್ಷ ಕ್ಯುಸೆಕ್ ಆಸುಪಾಸಿನಲ್ಲಿ ನೀರು ಹರಿದು ಬಂತು. ಆ ಅಣೆಕಟ್ಟನ್ನು ಕಟ್ಟಿದ ಲೆಕ್ಕಕ್ಕಿಂತ ಅದು ಬಹಳ ಹೆಚ್ಚು. ಆಗಲೇ ಹಳ್ಳಿಹಳ್ಳಿಗೂ ಮೊಬೈಲ್ ಬಂದಿತ್ತು. ಆದರೆ ಒಂದು ಪ್ರದೇಶದ ಎಲ್ಲ ಫೋನುಗಳಿಗೆ ಒಮ್ಮೆಗೇ ಎಚ್ಚರಿಕೆ ಕಳಿಸುವ ವ್ಯವಸ್ಥೆ ದೇಶದಲ್ಲಿ ಇರಲಿಲ್ಲ.

2024ರ ಆಗಸ್ಟ್ 10ರ ರಾತ್ರಿ ಮತ್ತೊಂದು ಪರೀಕ್ಷೆ ಎದುರಾಯಿತು. ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟೇ ಕೊಚ್ಚಿ ಹೋಯಿತು. ಅದೊಂದರಿಂದಲೇ ಸುಮಾರು 35,000 ಕ್ಯುಸೆಕ್ ನೀರು ಹೊರಬಿತ್ತು. ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ನದಿಗೆ ಲಕ್ಷ ಕ್ಯುಸೆಕ್‌ನಷ್ಟು ನೀರು ಇಳಿಯಿತು. ಕೌತಾಳಂ, ಕೋಸಿಗಿ, ಮಂತ್ರಾಲಯ, ನಂದವರಂ ಮಂಡಲಗಳ ಜನ ಎಚ್ಚರದಿಂದಿರಬೇಕೆಂದು ಆಂಧ್ರದ ವಿಪತ್ತು ನಿರ್ವಹಣಾ ಸಂಸ್ಥೆ ಸೂಚಿಸಿತು. ಒಂದು ವಾರದಲ್ಲಿ ಅಣೆಕಟ್ಟಿನ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ತಾತ್ಕಾಲಿಕ ತಡೆಗೇಟಾದ ಸ್ಟಾಪ್‌ಲಾಗ್ ಇಳಿಸಿ ನೀರು ನಿಲ್ಲಿಸಲಾಯಿತು. ಅದೇ ಆಗಸ್ಟ್ ಮೂರನೆಯ ವಾರದಲ್ಲಿ ಮಂತ್ರಾಲಯದಲ್ಲಿ ರಾಯರ ಆರಾಧನೆ. ಶ್ರಾವಣ ಬಹುಳ ಬಿದಿಗೆಯ ಆಸುಪಾಸಿನ ಈ ಉತ್ಸವ ಪ್ರತಿವರ್ಷ ತುಂಗಭದ್ರೆ ತುಂಬಿ ಹರಿಯುವ ದಿನಗಳಲ್ಲೇ ಬರುತ್ತದೆ, ಬರುವ ಭಕ್ತರಲ್ಲಿ ಬಹುಪಾಲು ಕರ್ನಾಟಕದವರು, ಸ್ನಾನಕ್ಕೆ ಇಳಿಯುವುದು ಅದೇ ನದಿಗೆ. ಹೊಳೆಯ ಸ್ವಭಾವ ಗೊತ್ತಿಲ್ಲದ, ಊರಿನ ಭಾಷೆ ಓದಲು ಬಾರದ ಸಾವಿರಾರು ಜನ ಅಪಾಯದ ಅಂಚಿನಲ್ಲೇ ನಿಂತಿರುತ್ತಾರೆ. ಇಂಥ ಕಡೆ ಸೆಲ್ ಬ್ರಾಡ್‌ಕಾಸ್ಟ್‌ನಷ್ಟು ಒದಗಿಬರುವುದು ಬೇರೊಂದಿಲ್ಲ. ಅಣೆಕಟ್ಟಿನ ನೀರು ಇಲ್ಲಿಗೆ ಮುಟ್ಟಲು ಹಲವು ಗಂಟೆ ಹಿಡಿಯುವುದರಿಂದ, ಸಿಡಿಲಿನಂತೆ ಅರ್ಧ ಗಂಟೆಯ ಅವಸರವೂ ಇಲ್ಲ. ಮಾತನ್ನು ಸರಿಯಾಗಿ ಬರೆದು, ಎರಡು ಭಾಷೆಯಲ್ಲಿ ಕಳಿಸಲು ಬೇಕಾದಷ್ಟು ಸಮಯವಿರುತ್ತದೆ.

ಬಿಸಿಗಾಳಿಯ ಎಚ್ಚರಿಕೆ ಬೇಸಿಗೆಯಲ್ಲಿ ಹೆಚ್ಚುಕಡಿಮೆ ದಿನವೂ ಬರುವಂಥದು. 2015ರ ಬೇಸಿಗೆಯಲ್ಲಿ ಆಂಧ್ರದಲ್ಲಿ ಸಾವಿರಕ್ಕೂ ಹೆಚ್ಚು ಜನ ಬಿಸಿಲಿಗೆ ಸತ್ತ ಮೇಲೆ ಮಂಡಲವಾರು ಬಿಸಿಗಾಳಿ ಸೂಚನೆಗೆ ಮಹತ್ವ ಬಂತು. ದಿನವೂ ಬಂದರೆ ಓದುವವರು ಕಡಿಮೆಯಾಗುತ್ತಾರೆ. ಆದ್ದರಿಂದ ಇದಕ್ಕೆ ಎಸ್‌ಎಂಎಸ್ ಸಾಕು. ಸೈರನ್ ಕೂಗಿಸುವುದನ್ನು ಪ್ರಾಣಕ್ಕೆ ತಕ್ಷಣ ಕುತ್ತು ಇರುವ ಸಂದರ್ಭಕ್ಕೆ ಮೀಸಲಿಡುವುದೇ ಸರಿ.

ಈಗ ಭಾಷೆಯ ವಿಷಯ. ಆಂಧ್ರದ ಎಚ್ಚರಿಕೆಗಳು ತೆಲುಗಿನಲ್ಲಿ ಬರುತ್ತವೆ, ಕರ್ನಾಟಕದವು ಕನ್ನಡದಲ್ಲಿ. ಟವರಿಗೆ ರಾಜ್ಯದ ಗಡಿ ಗೊತ್ತು, ಕೆಳಗಿರುವ ಮನುಷ್ಯನ ಮಾತು ಗೊತ್ತಿಲ್ಲ. ತುಂಗಭದ್ರೆಯ ಎರಡು ದಡಗಳಲ್ಲಿ ಇದರಿಂದ ವಿಚಿತ್ರ ಪರಿಸ್ಥಿತಿ ಆಗುತ್ತದೆ. ನದಿಯ ಮೇಲೆ ತಡೆಯಿಲ್ಲದೆ ಅಲೆಗಳು ದೂರ ಹೋಗುವುದರಿಂದ ಆಂಧ್ರದ ದಡದ ಫೋನು ಒಮ್ಮೊಮ್ಮೆ ರಾಯಚೂರು ದಡದ ಟವರನ್ನು ಹಿಡಿಯುತ್ತದೆ; ಸಿರುಗುಪ್ಪ ಗಡಿಯ ಹೊಲಗಳಲ್ಲಿ ಇದಕ್ಕೆ ತಿರುಗುಮುರುಗು. ಒಂದೇ ಊರಿನ ಇಬ್ಬರಲ್ಲಿ ಒಬ್ಬರಿಗೆ ಕನ್ನಡದ ಎಚ್ಚರಿಕೆ, ಇನ್ನೊಬ್ಬರಿಗೆ ತೆಲುಗಿನದು, ಅಥವಾ ಪಕ್ಕದ ರಾಜ್ಯ ಎಚ್ಚರಿಕೆ ಹೊರಡಿಸದಿದ್ದರೆ ಯಾವುದೂ ಇಲ್ಲ. ಗಡಿಯಿಂದ ಒಳಗಿರುವ ಹೊಳಗುಂದಿ, ಕೋಸಿಗಿಗಳ ಕನ್ನಡ ಮನೆಗಳಿಗೆ ಬರುವುದು ತೆಲುಗಿನ ಸಂದೇಶವೇ. ಇಲ್ಲಿಯ ಕನ್ನಡಿಗರಿಗೆ ತೆಲುಗು ಮಾತಾಡಲು ಬರುತ್ತದೆ, ಕೇಳಿದರೆ ತಿಳಿಯುತ್ತದೆ ಎಂಬುದು ನಿಜ. ಆದರೆ ಮಾತು ತಿಳಿಯುವುದು ಬೇರೆ, ಲಿಪಿ ಓದುವುದು ಬೇರೆ. ಕನ್ನಡ ಶಾಲೆಯಲ್ಲಿ ಕಲಿತವರು ತೆಲುಗು ಅಕ್ಷರವನ್ನು ತಡೆದು ತಡೆದು ಓದುತ್ತಾರೆ; ಶಾಲೆಗೆ ಹೋಗದ ಹಿರಿಯರಿಗೆ ಎರಡೂ ಒಂದೇ. ಅರ್ಧ ಗಂಟೆ ಮುಂಚೆ ಬಂದ ಸಿಡಿಲಿನ ಸಂದೇಶವನ್ನು ಓದಿಸಿಕೊಳ್ಳಲು ಇನ್ನೊಬ್ಬರನ್ನು ಹುಡುಕಿಕೊಂಡು ಹೋಗುವಷ್ಟರಲ್ಲಿ ಆ ಅರ್ಧ ಗಂಟೆ ಕಳೆದಿರುತ್ತದೆ.

ಇದಕ್ಕೆ ಪರಿಹಾರ ಹೊಸದಾಗಿ ಕಂಡುಹಿಡಿಯಬೇಕಾದದ್ದಲ್ಲ. ಸಚೇತ್ ನಿಂತಿರುವ ಅಂತರರಾಷ್ಟ್ರೀಯ ಮಾನದಂಡದಲ್ಲೇ, ಒಂದು ಎಚ್ಚರಿಕೆಯೊಳಗೆ ಹಲವು ಭಾಷೆಗಳ ಪಠ್ಯವನ್ನು ಬೇರೆಬೇರೆ ಭಾಗಗಳಾಗಿ ಸೇರಿಸಲು ಅವಕಾಶವಿದೆ. ಸೆಲ್ ಬ್ರಾಡ್‌ಕಾಸ್ಟ್‌ನ ಮಾನದಂಡವೂ ಎರಡನೆಯ ಭಾಷೆಗೆಂದೇ ಬೇರೆ ಚಾನೆಲ್ ಸಂಖ್ಯೆಗಳನ್ನು ಕಾದಿರಿಸಿದೆ: ಮುಖ್ಯ ಎಚ್ಚರಿಕೆಗಳು 4370ರಿಂದ ಶುರುವಾದರೆ, ಹೆಚ್ಚುವರಿ ಭಾಷೆಯವು 4383ರಿಂದ. ಅಮೆರಿಕ 2019ರಿಂದ ಹೀಗೆಯೇ ಇಂಗ್ಲಿಷಿನ ಜೊತೆ ಸ್ಪ್ಯಾನಿಷ್ ಎಚ್ಚರಿಕೆಗಳಿಗೆ ದಾರಿ ಮಾಡಿದೆ. ಆದೋನಿಯ ಟವರು ತೆಲುಗು, ಕನ್ನಡ ಎರಡನ್ನೂ ಒಟ್ಟಿಗೆ ಸಾರುವುದಕ್ಕೆ ಟವರಿನಲ್ಲಿ ಏನೂ ಬದಲಾಗಬೇಕಿಲ್ಲ. ಬೇಕಾದದ್ದು, ಗಡಿ ಮಂಡಲಗಳ ಎಚ್ಚರಿಕೆಗೆ ಕನ್ನಡದ ಪಠ್ಯವನ್ನೂ ಸೇರಿಸಬೇಕೆಂಬ ತೀರ್ಮಾನ ಮತ್ತು ಮೊದಲೇ ಬರೆದಿಟ್ಟ ಕೆಲವು ವಾಕ್ಯಗಳು. ಕರ್ನಾಟಕವೂ ಬಳ್ಳಾರಿ, ರಾಯಚೂರು ಗಡಿಯ ತೆಲುಗು ಹಳ್ಳಿಗಳಿಗೆ ಇದೇ ಉಪಕಾರ ಮಾಡಬೇಕು. ಭಾರತದ ದೂರಸಂಪರ್ಕ ಇಲಾಖೆ 2023ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ, ಮಾರಾಟಕ್ಕೆ ಬರುವ ಫೋನುಗಳು ಸ್ಮಾರ್ಟ್‌ಫೋನ್ ಆಗಲಿ, ಕೀಲಿಮಣೆಯ ಸಾದಾ ಫೋನ್ ಆಗಲಿ, ಇಂಗ್ಲಿಷ್, ಹಿಂದಿಯ ಜೊತೆ ಪ್ರಾದೇಶಿಕ ಭಾಷೆಗಳ ಎಚ್ಚರಿಕೆಯನ್ನೂ ಪಡೆಯುವಂತಿರಬೇಕು. ಫೋನಿನ ಕಡೆಯಿಂದಲೂ ಬಾಗಿಲು ತೆರೆದಿದೆ ಎಂದಾಯಿತು.

ಪಠ್ಯ ಚಿಕ್ಕದಿರಬೇಕು ಎಂಬುದಕ್ಕೆ ತಾಂತ್ರಿಕ ಕಾರಣವೂ ಇದೆ. ಇಂಗ್ಲಿಷಿನ ಒಂದು ಎಸ್‌ಎಂಎಸ್‌ನಲ್ಲಿ 160 ಅಕ್ಷರ ಹಿಡಿಯುತ್ತವೆ. ಕನ್ನಡ, ತೆಲುಗಿನಲ್ಲಿ 70 ಮಾತ್ರ. ಈ ಎಣಿಕೆಯಲ್ಲಿ ಗುಣಿತ, ಒತ್ತು, ಸೊನ್ನೆಗಳೂ ಒಂದೊಂದು ಅಕ್ಷರವೇ. ‘ಕರ್ನೂಲು’ ಎಂಬ ಪದವೊಂದೇ ಏಳು ಅಕ್ಷರದ ಜಾಗ ತಿನ್ನುತ್ತದೆ. ಸಂದೇಶ ಉದ್ದವಾದರೆ ಅದು ತುಂಡುತುಂಡಾಗಿ ಹೋಗಿ ಫೋನಿನಲ್ಲಿ ಮತ್ತೆ ಕೂಡಬೇಕು. ಹಾಗೆ ಕೂಡಿಸುವಾಗ ಒಂದೊಂದು ತುಂಡಿಗೆ 67 ಮಾತ್ರ. ಎರಡನೆಯ ತಲೆಮಾರಿನ ಜಾಲದ ಸೆಲ್ ಬ್ರಾಡ್‌ಕಾಸ್ಟ್‌ನಲ್ಲಿ ಒಂದು ಪುಟಕ್ಕೆ 82 ಬೈಟ್, ಹೆಚ್ಚೆಂದರೆ 15 ಪುಟ. ಕನ್ನಡದ ಪ್ರತಿ ಅಕ್ಷರಕ್ಕೆ ಎರಡು ಬೈಟ್ ಬೇಕಾದ್ದರಿಂದ ಪುಟಕ್ಕೆ 41 ಅಕ್ಷರ. “ಆದೋನಿ, ಕೌತಾಳಂ, ಹೊಳಗುಂದಿ ಮಂಡಲಗಳಲ್ಲಿ ಇನ್ನು ಅರ್ಧ ಗಂಟೆಯಲ್ಲಿ ಸಿಡಿಲು ಬೀಳಬಹುದು. ಹೊಲ, ಮರದಡಿ ಬಿಟ್ಟು ಮನೆಯೊಳಗೆ ಹೋಗಿ.” ಇಂಥ ಒಂದು ಎಚ್ಚರಿಕೆ ಎರಡು ಎಸ್‌ಎಂಎಸ್‌ಗಳಲ್ಲಿ, ಅಥವಾ ಮೂರು ಪುಟಗಳಲ್ಲಿ ಅಚ್ಚುಕಟ್ಟಾಗಿ ಹಿಡಿಯುತ್ತದೆ. ಎಲ್ಲಿ, ಯಾವಾಗ, ಏನು, ಏನು ಮಾಡಬೇಕು ಎಂಬ ನಾಲ್ಕೂ ಅದರಲ್ಲಿವೆ. ‘ಸಾರ್ವಜನಿಕರು ಅಗತ್ಯ ಮುನ್ನೆಚ್ಚರಿಕಾ ಕ್ರಮಗಳನ್ನು ಕೈಗೊಳ್ಳತಕ್ಕದ್ದು’ ಎಂಬ ಕಚೇರಿಯ ಮಾತು ಇದರ ಅರ್ಧಕ್ಕಿಂತ ಹೆಚ್ಚು ಜಾಗ ತಿಂದರೂ ಹೊಲದಲ್ಲಿ ನಿಂತವನಿಗೆ ಮರದ ಕೆಳಗೆ ಹೋಗಬೇಡ ಎಂದು ಹೇಳುವುದಿಲ್ಲ.

ಗುಳೆ ಹೋಗುವವರ ವಿಷಯ ಇಲ್ಲಿ ಮರೆಯುವಂತಿಲ್ಲ. ಮಳೆ ನಂಬಿದ ಈ ಸೀಮೆಯಿಂದ, ಮುಂಗಾರು ಬೆಳೆ ಮುಗಿದ ಮೇಲೆ ಕೋಸಿಗಿ, ಕೌತಾಳಂ, ಪೆದ್ದಕಡಬೂರು ಕಡೆಯ ಕುಟುಂಬಗಳು ಮಕ್ಕಳನ್ನು ಕಟ್ಟಿಕೊಂಡು ಗುಂಟೂರು ಕಡೆಗೆ ಹತ್ತಿ, ಮೆಣಸಿನಕಾಯಿ ಬಿಡಿಸಲು ಹೋಗುತ್ತವೆ. ಬೆಂಗಳೂರು, ಹೈದರಾಬಾದಿಗೆ ಕಟ್ಟಡ ಕೆಲಸಕ್ಕೆ ಹೋಗುವವರೂ ಇದ್ದಾರೆ. ಊರಿನ ನಂಬರುಗಳ ಪಟ್ಟಿ ಇಟ್ಟುಕೊಂಡು ಕಳಿಸುವ ಸಂದೇಶ ಗುಂಟೂರಿನ ಗುಡಿಸಲಲ್ಲಿ ಮಲಗಿದವರಿಗೆ ಆದೋನಿಯ ಮಳೆಯ ಸುದ್ದಿ ತರುತ್ತದೆ. ಟವರಿನಿಂದ ಬರುವ ಎಚ್ಚರಿಕೆ ಅವರು ಈಗ ಇರುವ ಜಾಗದ ಅಪಾಯವನ್ನೇ ಹೇಳುತ್ತದೆ. ಕರಾವಳಿಯ ಚಂಡಮಾರುತ ಕಂಡರಿಯದ ರಾಯಲಸೀಮೆಯ ಕೂಲಿಕಾರರಿಗೆ ಇದು ದೊಡ್ಡ ಆಸರೆ.

ಮೊಬೈಲ್ ಎಲ್ಲರನ್ನೂ ಮುಟ್ಟುತ್ತದೆ ಎಂದು ತಿಳಿಯುವುದು ತಪ್ಪು. ಮನೆಗೊಂದೇ ಫೋನಿದ್ದರೆ ಅದು ಗಂಡಸಿನ ಜೇಬಿನಲ್ಲಿ ಪೇಟೆಗೆ ಹೋಗಿರುತ್ತದೆ. ಹೊಲದಲ್ಲಿರುವ ಹೆಂಗಸಿನ ಕೈಯಲ್ಲಿ ಇರುವುದಿಲ್ಲ. ಗುಡ್ಡದ ಮರೆಯಲ್ಲಿ, ಬ್ಯಾಟರಿ ಮುಗಿದಾಗ, ಏರೋಪ್ಲೇನ್ ಮೋಡ್‌ನಲ್ಲಿ ಎಚ್ಚರಿಕೆ ಬರುವುದಿಲ್ಲ. ದೊಡ್ಡ ವಿಪತ್ತಿನಲ್ಲಿ ಟವರೇ ಮೊದಲು ಬೀಳುವುದುಂಟು; 2014ರ ಅಕ್ಟೋಬರ್‌ನಲ್ಲಿ ಹುದ್‌ಹುದ್ ಚಂಡಮಾರುತ ವಿಶಾಖಪಟ್ಟಣಕ್ಕೆ ಅಪ್ಪಳಿಸಿದಾಗ ಅಲ್ಲಿನ ಜನ ಫೋನು ಕೆಲಸ ಮಾಡದೆ ಕಂಗಾಲಾದರು. ಹಾಗಾಗಿ ಮಂತ್ರಾಲಯದ ಮೈಕು, ಮಸೀದಿಯ ಧ್ವನಿವರ್ಧಕ, ಹಳ್ಳಿಯ ಡಂಗುರ, ಗ್ರಾಮ ಸಚಿವಾಲಯದ ನೌಕರ ಎಲ್ಲರಿಗೂ ಇನ್ನೂ ಕೆಲಸವಿದೆ. ಫೋನಿನಲ್ಲಿ ಎಚ್ಚರಿಕೆ ಕಂಡವರು ಅಕ್ಕಪಕ್ಕದ ಹೊಲದವರಿಗೆ ಕೂಗಿ ಹೇಳಿದರೆ ಅದೂ ಇದೇ ವ್ಯವಸ್ಥೆಯ ಭಾಗ.

ತಪ್ಪು ಎಚ್ಚರಿಕೆಯೂ ಹಾನಿ ಮಾಡುತ್ತದೆ. 2018ರ ಜನವರಿ 13ರಂದು ಅಮೆರಿಕದ ಹವಾಯಿ ದ್ವೀಪಗಳಲ್ಲಿ ಕ್ಷಿಪಣಿ ಬರುತ್ತಿದೆ ಎಂಬ ಸಂದೇಶ ತಪ್ಪಾಗಿ ಹೊರಟು, ಅದನ್ನು ಹಿಂತೆಗೆದುಕೊಂಡ ಸಂದೇಶ ಬರಲು 38 ನಿಮಿಷ ಹಿಡಿಯಿತು. ಅಷ್ಟು ಹೊತ್ತು ಜನ ಸಾವನ್ನು ಕಾಯುತ್ತ ಕುಳಿತಿದ್ದರು. ತಪ್ಪು ಹೋದರೆ ತಕ್ಷಣ ತಿದ್ದುವ ಸಂದೇಶ ಕಳಿಸುವ ಏರ್ಪಾಡು ಎಚ್ಚರಿಕೆ ಕಳಿಸುವ ಏರ್ಪಾಡಿನಷ್ಟೇ ಮುಖ್ಯವೆಂಬುದು ಆಗ ಸಿಕ್ಕ ಪಾಠ. ಅಪಾಯ ಕಳೆದ ಮೇಲೆ ‘ಕಳೆಯಿತು’ ಎಂದು ಹೇಳುವುದೂ ಅದರಲ್ಲಿ ಸೇರಿದೆ.

ಓದುಗರು ತಮ್ಮ ಫೋನಿನಲ್ಲಿ ನೋಡಿಕೊಳ್ಳಬೇಕಾದದ್ದು ಸ್ವಲ್ಪವೇ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಸುರಕ್ಷತೆ ಮತ್ತು ತುರ್ತು’ ಎಂಬ ಭಾಗದೊಳಗೆ ‘ವೈರ್‌ಲೆಸ್ ಎಮರ್ಜೆನ್ಸಿ ಅಲರ್ಟ್ಸ್’ ಇರುತ್ತದೆ. ಕೆಲವು ಕಂಪನಿಗಳ ಫೋನಿನಲ್ಲಿ ಬೇರೆ ಕಡೆ ಇರಬಹುದು, ಹುಡುಕುವ ಪೆಟ್ಟಿಗೆಯಲ್ಲಿ ‘ಅಲರ್ಟ್’ ಎಂದು ಬರೆದರೆ ಸಿಗುತ್ತದೆ. ಐಫೋನಿನಲ್ಲಿ ‘ನೋಟಿಫಿಕೇಷನ್ಸ್’ ಭಾಗದ ಕೊನೆಯಲ್ಲಿದೆ. ಅದು ಚಾಲೂ ಇರಲಿ. ಎಚ್ಚರಿಕೆಗಳನ್ನು ಗಟ್ಟಿಯಾಗಿ ಓದಿಸುವ ಆಯ್ಕೆ ಇದ್ದರೆ, ಓದು ಬಾರದ ಹಿರಿಯರ ಫೋನಿನಲ್ಲಿ ಮೊದಲು ಅದನ್ನು ಚಾಲೂ ಮಾಡಿಕೊಡಬೇಕು. ಸಚೇತ್ ಆ್ಯಪ್ ಇಳಿಸಿಕೊಂಡರೆ ತಾವಿರುವ ಜಾಗದ ಎಚ್ಚರಿಕೆಗಳನ್ನು ನಕ್ಷೆಯ ಮೇಲೆ ನೋಡಬಹುದು. ದೂರದ ಊರಿನಲ್ಲಿರುವ ಮಕ್ಕಳು ತಂದೆತಾಯಿಯ ಊರಿನ ಸ್ಥಿತಿ ತಿಳಿಯಲು ಇದು ಅನುಕೂಲ. ಹವಾಮಾನ ಇಲಾಖೆಯ ಸೂಚನೆಯಲ್ಲಿ ಬಣ್ಣಗಳಿರುತ್ತವೆ: ಹಸಿರು ಎಂದರೆ ಭಯವಿಲ್ಲ, ಹಳದಿ ಎಂದರೆ ಗಮನವಿಡಿ, ಕಿತ್ತಳೆ ಎಂದರೆ ಸಿದ್ಧರಾಗಿ, ಕೆಂಪು ಎಂದರೆ ಈಗಲೇ ಕ್ರಮ ಕೈಗೊಳ್ಳಿ.

ಸರ್ಕಾರದ ಎಚ್ಚರಿಕೆ ಯಾರಿಂದಲೂ ಹಣ, ಒಟಿಪಿ, ಬ್ಯಾಂಕಿನ ವಿವರ ಕೇಳುವುದಿಲ್ಲ. ಕೇಳಿದರೆ ಅದು ಮೋಸ. ಸಿಡಿಲಿನ ಸೂಚನೆ ಬಂದ ಕೂಡಲೇ ಪಕ್ಕಾ ಮನೆ ಅಥವಾ ಮುಚ್ಚಿದ ವಾಹನದೊಳಗೆ ಸೇರಬೇಕು. ಮರ, ತಂತಿಬೇಲಿ, ವಿದ್ಯುತ್ ಕಂಬ, ಬಾವಿಯ ಪಂಪು, ಕೆರೆಯಿಂದ ದೂರವಿರಬೇಕು. ಆಸರೆ ಸಿಗದಿದ್ದರೆ ಕುಕ್ಕರುಗಾಲಲ್ಲಿ ಕುಳಿತು ತಲೆ ಬಗ್ಗಿಸಬೇಕು, ನೆಲಕ್ಕೆ ಮಲಗಬಾರದು, ಗುಂಪಾಗಿದ್ದರೆ ಚದುರಬೇಕು. ಸಿಡಿಲು ಬಡಿದವರನ್ನು ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ. ಉಸಿರು ನಿಂತಿದ್ದರೆ ಎದೆ ಒತ್ತಿ ಬದುಕಿಸಲು ತಕ್ಷಣ ಯತ್ನಿಸಬೇಕು. ನೆರೆಯ ಸೂಚನೆ ಬಂದಾಗ ಹಳ್ಳದ ಮೇಲೆ ನೀರು ಹರಿಯುತ್ತಿರುವ ದಾರಿಯನ್ನು ಬೈಕು, ಟ್ರ್ಯಾಕ್ಟರುಗಳಲ್ಲಿ ದಾಟುವ ಸಾಹಸ ಬೇಡ. ನೆರವು ಬೇಕಾದಾಗ ಎರಡೂ ರಾಜ್ಯಗಳಲ್ಲಿ 112ಕ್ಕೆ ಕರೆ ಮಾಡಬಹುದು. ಸ್ವಂತ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಬೇರೆ ಯಾವುದೇ ಕಂಪನಿಯ ಟವರು ಸಿಕ್ಕರೆ ಆ ಕರೆ ಹೋಗುತ್ತದೆ. ರಾಜ್ಯದ ವಿಪತ್ತು ನಿಯಂತ್ರಣ ಕೊಠಡಿಯ ಸಂಖ್ಯೆ 1070, ಜಿಲ್ಲೆಯದು 1077. ಆಂಧ್ರದ ವಿಪತ್ತು ನಿರ್ವಹಣಾ ಸಂಸ್ಥೆಗೆ 1800-425-0101 ಎಂಬ ಉಚಿತ ಕರೆಯ ಸಂಖ್ಯೆಯೂ ಇದೆ.